ಖಾಲಿ ಬೋರ್ಡು

ಪಿಂಗಾಣಿ ಕಾರ್ಖಾನೆಯ ಅರೆಯುವ ಮನೆಯಲ್ಲಿ ಮೇಸ್ತ್ರಿಯ ಮಾತೇ ಮಾತು. ಮ್ಯಾನೇಜರ್ ಕೂಡ ಅಲ್ಲಿಗೆ ಬಂದರೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ, ಮೇಸ್ತ್ರಿ ತಲೆಯೆತ್ತಿ ನೋಡಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದ. ಮೂವತ್ತು ವರ್ಷ ಒಂದೇ ಸೂರಿನಡಿ ದುಡಿದವನಿಗೆ ಅಷ್ಟು ಗತ್ತು ಬಂದರೆ ತಪ್ಪೇನಿಲ್ಲ ಎನ್ನಿ. ಆದರೆ ಇವನ ಗತ್ತು ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು, ಕನ್ನಡಕದ ಜೊತೆಗೆ. ಕನ್ನಡಕ ತೆಗೆದರೆ ಎದುರಿಗಿರುವುದು ಮನುಷ್ಯನೋ ಕಂಬವೋ ತಿಳಿಯುತ್ತಿರಲಿಲ್ಲ. ಹಾಕಿಕೊಂಡರೆ ಎಲ್ಲರ ತಪ್ಪೂ ಕಾಣುತ್ತಿತ್ತು, ತನ್ನದೊಂದನ್ನು ಬಿಟ್ಟು.

ಆ ಮನೆಯಲ್ಲಿ ಎರಡು ಅರೆಯುವ ಪೀಪಾಯಿಗಳಿದ್ದವು. ಅಡ್ಡ ಮಲಗಿಸಿದ ಕಬ್ಬಿಣದ ಪೀಪಾಯಿಗಳು, ಒಂದೊಂದೂ ಒಂದು ಸಣ್ಣ ಕೋಣೆಯಷ್ಟು. ಹೊಟ್ಟೆಯೊಳಗೆ ಮುಷ್ಟಿ ಗಾತ್ರದ ದುಂಡುಗಲ್ಲುಗಳು. ಅವುಗಳ ಜೊತೆ ಬಿಳಿ ಮಣ್ಣು, ನೀರು ತುಂಬಿ ಹತ್ತು ಗಂಟೆ ಉರುಳಿಸಿದರೆ ಹಾಲಿನಂತೆ ನುಣ್ಣಗೆ ಅರೆದುಬರುತ್ತದೆ. ಬಸಿ ಬಟ್ಟಲುಗಳ ಮೇಲಿನ ಹೊಳಪೆಲ್ಲ ಅದರದೇ. ದೊಡ್ಡ ಪೀಪಾಯಿಗೆ ಅಕ್ಕ, ಸಣ್ಣದಕ್ಕೆ ತಂಗಿ ಎಂದು ಹೆಸರಿಟ್ಟವನು ಯಾರೋ ಗೊತ್ತಿಲ್ಲ. ಒಬ್ಬಳು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿ ನಿಂತವನ ಮಾತು ಕೇಳಿಸುತ್ತಿರಲಿಲ್ಲ. ಹೆಸರಿಟ್ಟವನ ಮನೆಯಲ್ಲಿ ಅಕ್ಕತಂಗಿಯರು ಇದ್ದೇ ಇದ್ದಿರಬೇಕು.

ಪೀಪಾಯಿಯ ಒಳಮೈಗೆ ಕಲ್ಲಿನ ಇಟ್ಟಿಗೆಗಳ ಹೊದಿಕೆ. ಅದು ಆಗಾಗ ಸವೆಯುತ್ತದೆ, ಆಗ ಮನುಷ್ಯರೇ ಒಳಗಿಳಿದು ಕೆತ್ತಿ ಬೇರೆ ಕೂರಿಸಬೇಕು. ಇಳಿಯುವವರಿಗಾಗಿ ಮೇಸ್ತ್ರಿ ಮಾಡಿದ ನಿಯಮವೊಂದಿತ್ತು. ಸ್ವಿಚ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಏಳು ಮೊಳೆ. ಏಳು ಜನ ಕೆಲಸಗಾರರ ಜೇಬಿನಲ್ಲೂ ಒಂದೊಂದು ಹಿತ್ತಾಳೆ ಬಿಲ್ಲೆ. ಒಳಗಿಳಿಯುವ ಮುಂಚೆ ನಿನ್ನ ಬಿಲ್ಲೆಯನ್ನು ನಿನ್ನ ಮೊಳೆಗೆ ನೀನೇ ತೂಗುಹಾಕಬೇಕು. ಹೊರಗೆ ಬಂದ ಮೇಲೆ ನೀನೇ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಒಂದು ಬಿಲ್ಲೆ ತೂಗುತ್ತಿದ್ದರೂ ಸ್ವಿಚ್ ಮುಟ್ಟುವಂತಿಲ್ಲ. ಬೋರ್ಡು ಖಾಲಿಯೆಂದರೆ ಪೀಪಾಯಿಯೂ ಖಾಲಿ, ಕಣ್ಣುಮುಚ್ಚಿ ಒತ್ತಬಹುದು. ಬಿಲ್ಲೆ ಹಾಕದೆ ಇಳಿದವನಿಗೆ ಒಂದು ವಾರ ಮನೆ, ಸಂಬಳವಿಲ್ಲ.

ಬೋರ್ಡಿಗೆ ಮುಂಚೆ ಅಲ್ಲಿ ತಟ್ಟುವ ಪದ್ಧತಿಯಿತ್ತು. ಸ್ವಿಚ್ ಒತ್ತುವವನು ಪೀಪಾಯಿಯ ಮೈಮೇಲೆ ಮೂರು ಸಲ ತಟ್ಟಿ, ಒಳಗಿನಿಂದ ಯಾರೂ ತಿರುಗಿ ತಟ್ಟದಿದ್ದರೆ ಹೋಗಿ ಒತ್ತುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಒಂದು ದಿನ ಒಳಗೆ ಎಡಗೈ ಎಂಬುವನಿದ್ದ. ಉಳಿ ಹಿಡಿಯುವುದರಿಂದ ಹಿಡಿದು ಬೀಡಿ ಹಚ್ಚುವವರೆಗೆ ಎಲ್ಲವೂ ಅವನಿಗೆ ಎಡಗೈಯಲ್ಲೇ. ಸದ್ದು ತಡೆಯಲಾರದೆ ಅವನು ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಹೊರಗೆ ತಟ್ಟಿದರು, ಕಾದರು, ಉತ್ತರವಿಲ್ಲ, ಒತ್ತಿದರು. ಆಮೇಲೆ ಏನಾಯಿತೆಂದು ಮೇಸ್ತ್ರಿ ಯಾರಿಗೂ ಹೇಳಿಲ್ಲ, ಕೇಳುವ ಧೈರ್ಯವೂ ಯಾರಿಗೂ ಬಂದಿಲ್ಲ. ಮೂರು ದಿನ ಅವನು ಅನ್ನ ಮುಟ್ಟಲಿಲ್ಲವಂತೆ. ನಾಲ್ಕನೆಯ ದಿನ ಎಲ್ಲಿಂದಲೋ ಒಂದು ಹಲಗೆ ಹೊತ್ತು ತಂದು ಮೊಳೆ ಹೊಡೆಯತೊಡಗಿದ. ಅಂದಿನಿಂದ ಆ ಮನೆಯಲ್ಲಿ ತಟ್ಟುವುದು ನಿಷಿದ್ಧ.

ಈಗ ಸ್ವಿಚ್ಚಿಗೆ ಎಂಟು ತಿಂಗಳಿಂದ ಮೇಸ್ತ್ರಿಯ ಮಗಳೇ ಇದ್ದಳು. ಮನೆಯಲ್ಲಿ ಅವಳು ಪುಟ್ಟಿ, ಇಲ್ಲಿ ‘ಏ ಸ್ವಿಚ್ಚು’. ಕೆಲಸದ ಜಾಗದಲ್ಲಿ ಮಗಳು ಗಿಗಳು ಇಲ್ಲ ಎಂದು ಮೊದಲ ದಿನವೇ ಅವನು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ. ಕೆಲಸದಲ್ಲಿ ಹುಡುಗಿ ಚುರುಕು. ಆದರೆ ಅವಳಿಗೊಂದು ಚಾಳಿ ಅಂಟಿಕೊಂಡಿತ್ತು. ಒತ್ತುವ ಮುಂಚೆ ಬೋರ್ಡು ನೋಡುವಳು, ಅದು ಖಾಲಿಯಿದ್ದರೂ ಹೋಗಿ ಪೀಪಾಯಿಯ ಮೇಲೆ ಅಂಗೈ ಇಡುವಳು, ಮೂರು ಸಲ ಮೆಲ್ಲಗೆ ತಟ್ಟುವಳು, ಕ್ಷಣಕಾಲ ನಿಲ್ಲುವಳು, ಆಮೇಲೆ ಬಂದು ಒತ್ತುವಳು. ಯಾರು ಹೇಳಿಕೊಟ್ಟರೋ, ಇಲ್ಲ ತಾನಾಗಿಯೇ ಬಂತೋ. ಇಷ್ಟು ದಿನ ಅಪ್ಪ ಇಲ್ಲದ ಹೊತ್ತು ನೋಡಿ ತಟ್ಟುತ್ತಿದ್ದವಳು ಆ ದಿನ ಬೆಳಿಗ್ಗೆ ತಂಗಿಯನ್ನು ಶುರುಮಾಡುವಾಗ ಅವನ ಕಣ್ಣಿಗೆ ಬಿದ್ದಳು.

"ಏನದು? ಹಸು ಅನ್ಕೊಂಡ್ಯಾ, ಬೆನ್ನು ಸವರೋಕೆ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರೇಡಿಯೊ. ಮುಚ್ಚಳ ಮುಚ್ಚಿ ಬೋಲ್ಟು ಬಿಗಿಯುವ ಕೆಲಸದವನು ಅವನು. ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಮನೆಗೆ ಹೋಗುವವರೆಗೂ ಮುಚ್ಚುತ್ತಿರಲಿಲ್ಲವಾದ್ದರಿಂದ ಆ ಹೆಸರು.

"ಬೋರ್ಡ್ ನೋಡಿದ್ಯಾ?" ಮೇಸ್ತ್ರಿ ಕೇಳಿದ.

"ನೋಡ್ದೆ."

"ಏನಿತ್ತು?"

"ಖಾಲಿ."

"ಖಾಲಿ ಅಂದ್ರೆ?"

"ಒಳಗೆ ಯಾರೂ ಇಲ್ಲ."

"ಮತ್ತೆ ಯಾರನ್ನ ಮಾತಾಡಿಸ್ತಿದ್ದೆ? ನಿಮ್ಮಜ್ಜಿನಾ?"

ಮತ್ತೆ ನಗು. ಅವಳ ಕಿವಿ ಕೆಂಪಾದವು. "ಸುಮ್ನೆ ಸಮಾಧಾನಕ್ಕೆ" ಎಂದು ಏನೋ ಹೇಳಹೊರಟಳು.

"ನಿನ್ನ ಸಮಾಧಾನ ಯಾರಿಗೆ ಬೇಕು? ತಟ್ಟಿ, ಉತ್ತರ ಬರಲಿಲ್ಲ ಅಂತ ಒತ್ತಿ ಒಬ್ಬನ್ನ ಕಳ್ಕೊಂಡಿದ್ದೀವಿ ಇಲ್ಲಿ. ಕಣ್ಣು ಬೋರ್ಡ್ ಮೇಲಿರ್ಬೇಕು, ಬೋರ್ಡ್ ಮೇಲೆ ಮಾತ್ರ. ಅಷ್ಟು ಹೆದ್ರಿಕೆ ಇದ್ರೆ ಮನೇಲಿ ಬಾಗ್ಲು ಹಾಕ್ಕೊಂಡು ಕೂತ್ಕೋ. ಇನ್ನೊಂದು ಸಲ ತಟ್ಟಿದ್ದು ಕಂಡ್ರೆ ಸ್ವಿಚ್ ಕಿತ್ಕೊಂಡು ಬೇರೆಯವ್ರಿಗೆ ಕೊಡ್ತೀನಿ. ಎಲ್ಲರ ಎದುರಿಗೇ ಹೇಳ್ತಿದ್ದೀನಿ."

ಎಲ್ಲರ ಎದುರಿಗೇ ಹೇಳಿದ. ಅವಳು ತಲೆ ತಗ್ಗಿಸಿಕೊಂಡು ಹೋಗಿ ಒತ್ತಿದಳು. ತಂಗಿ ಗುಡುಗತೊಡಗಿತು.

ಆ ದಿನ ಅಕ್ಕನಿಗೆ ರಿಪೇರಿ. ಬಲಗಡೆಯ ಕೊನೆಯಲ್ಲಿ ಹತ್ತೋ ಹನ್ನೆರಡೋ ಇಟ್ಟಿಗೆ ಸಡಿಲವಾಗಿದ್ದವು. ದುಂಡುಗಲ್ಲುಗಳನ್ನೆಲ್ಲ ಹೊರಗೆ ಹಾಕುವ ಗೋಜಿಗೆ ಹೋಗದೆ ಎಡಗಡೆಗೆ ರಾಶಿ ಒಟ್ಟಿ, ಮೇಸ್ತ್ರಿ ಮತ್ತು ಇನ್ನಿಬ್ಬರು ಬೆಳಿಗ್ಗೆಯೆಲ್ಲ ಒಳಗೆ ಕೂತು ಕೆಲಸ ಮುಗಿಸಿದರು. ಊಟದ ಸೈರನ್ ಕೂಗುವ ಹೊತ್ತಿಗೆ ಮೂವರೂ ಹೊರಗಿದ್ದರು. ಮೂವರೂ ಮೊಳೆಯಿಂದ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡರು. ಏಣಿಯನ್ನೂ ಎತ್ತಿ ಗೋಡೆಗೆ ಒರಗಿಸಿದರು.

"ಊಟ ಆದ್ಮೇಲೆ ನನ್ನ ದಾರಿ ಕಾಯ್ಬೇಡಿ" ಎಂದು ಮೇಸ್ತ್ರಿ ರೇಡಿಯೊನಿಗೂ ಮಗಳಿಗೂ ಹೇಳಿದ. "ಮ್ಯಾನೇಜರ್ ಕರ್ದಿದ್ದಾನೆ, ಆಫೀಸಿಗೆ ಹೋಗ್ಬೇಕು. ಮುಚ್ಚಳ ಹಾಕಿ, ತೊಳೆಯೋ ನೀರು ಬಿಡಿ, ಬೋರ್ಡ್ ನೋಡಿ ಒತ್ತಿ. ಅರ್ಧ ಗಂಟೆ ತಿರುಗ್ಲಿ."

ದಿನವೂ ಅಪ್ಪ ಮಗಳು ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಆ ದಿನ ಅವಳು ಮುಖ ಊದಿಸಿಕೊಂಡು, ಡಬ್ಬಿಯಿಂದ ತನ್ನ ಪಾಲು ತೆಗೆದುಕೊಂಡು, ಅವನ ಪಾಲನ್ನು ಬೆಂಚಿನ ಮೇಲಿಟ್ಟು, ಅಂಗಳದ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ಕೂರಲಿ, ಹಸಿವಾದರೆ ಕೋಪ ಇಳಿಯುತ್ತದೆ ಎಂದುಕೊಂಡ ಮೇಸ್ತ್ರಿ. ಹಸಿವು ಯಾರದು, ಕೋಪ ಯಾರದು ಎಂದು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಕಬ್ಬಿಣದ ಸಾಮಾನು ಎಣಿಸಿದ. ಇದೂ ಅವನದೇ ನಿಯಮ. ಬಿಳಿ ಹಾಲಿನಲ್ಲಿ ಒಂದು ಚೂರು ಕಬ್ಬಿಣ ಅರೆದುಹೋದರೂ ಸಾವಿರ ಬಸಿಗಳ ಮೇಲೆ ಕಂದು ಚುಕ್ಕೆ ಏಳುತ್ತದೆ. ಅದಕ್ಕೇ ಒಳಗೆ ಹೋಗುವಾಗ ಎಷ್ಟು ಹೋಯಿತೆಂದು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು: ಉಳಿ ಏಳು, ಸುತ್ತಿಗೆ ಎರಡು, ಕರಣೆ ಮೂರು. ಸುತ್ತಿಗೆ ಸರಿಯಿತ್ತು. ಕರಣೆ ಸರಿಯಿತ್ತು. ಉಳಿ ಆರೇ ಇದ್ದವು. ಮತ್ತೆ ಎಣಿಸಿದ. ಆರೇ. ಇಲ್ಲದೇ ಇದ್ದದ್ದು ಹಿಡಿಗೆ ಕೆಂಪು ದಾರ ಸುತ್ತಿದ ಉಳಿ, ಅವನ ಸ್ವಂತದ್ದು.

ಬೇರೆಯವರು ಬಿಟ್ಟುಬಂದಿದ್ದರೆ ಊಟಕ್ಕೆ ಹೋದವರನ್ನೆಲ್ಲ ಎಳೆದು ತರಿಸಿ, ಸಾಲಾಗಿ ನಿಲ್ಲಿಸಿ ಹರಿಹಾಯುತ್ತಿದ್ದ. ಇದು ತನ್ನದೇ. ಬಾಗಿಲ ಕಡೆ ಒಮ್ಮೆ ನೋಡಿದ. ಯಾರೂ ಇರಲಿಲ್ಲ. ಒಂದು ನಿಮಿಷದ ಕೆಲಸ, ಯಾರಿಗೂ ತಿಳಿಯದ ಹಾಗೆ ಎತ್ತಿಕೊಂಡು ಬಂದರಾಯಿತು.

ಒಳಗಿಳಿಯುವಾಗ ಕನ್ನಡಕ ತೆಗೆದು ಸ್ವಿಚ್ ಪೆಟ್ಟಿಗೆಯ ಮೇಲಿಡುವುದು ಅವನ ವಾಡಿಕೆ. ಒಳಗೆ ಬಗ್ಗಿ ಏಳುವಾಗ ಬಿದ್ದು ಒಡೆದರೆ ಎಂದು. ಮೊದಲು ಬಿಲ್ಲೆ ಮೊಳೆಗೆ, ಆಮೇಲೆ ಕನ್ನಡಕ ಪೆಟ್ಟಿಗೆಯ ಮೇಲೆ, ಇಪ್ಪತ್ತು ವರ್ಷದಿಂದ ಇದೇ ಕ್ರಮ. ಇವತ್ತು ಕೈ ಕನ್ನಡಕವನ್ನು ತಾನಾಗಿಯೇ ತೆಗೆದಿಟ್ಟಿತು. ಬಿಲ್ಲೆಯನ್ನು ಆಗಷ್ಟೇ ಜೇಬಿಗೆ ಹಾಕಿಕೊಂಡಿದ್ದರಿಂದ, ಬಿಲ್ಲೆಯ ಕೆಲಸ ಮುಗಿಯಿತೆಂದು ಅದೇ ಕೈ ತೀರ್ಮಾನಿಸಿಬಿಟ್ಟಿತು. ಟಾರ್ಚು ಹಿಡಿದು ಹಲಗೆಯ ಅಟ್ಟಣೆ ಹತ್ತಿ, ಮೇಲಿನ ತೂತಿನಿಂದ ಕಾಲು ಇಳಿಬಿಟ್ಟು ಒಳಗೆ ಧುಮುಕಿದ. ಏಣಿ ಬೇಕಿರಲಿಲ್ಲ. ಒಳಗೆ ನಿಂತರೆ ತೂತು ತಲೆಯ ಮಟ್ಟಕ್ಕೇ ಬರುತ್ತದೆ, ಕೈಕೊಟ್ಟು ಮೇಲೇಳಬಹುದು.

ಉಳಿ ಬಲಗಡೆ ಇರಲಿಲ್ಲ. ನಡುವೆಯೂ ಇರಲಿಲ್ಲ. ಎಡಗಡೆಯ ಕಲ್ಲಿನ ರಾಶಿಯ ಸಂದಿಯಲ್ಲಿ ಕೆಂಪಗೆ ಏನೋ ಮಿಣುಕಿದಂತಾಯಿತು. ಹತ್ತಿರ ಹೋಗಿ ಕೈ ಹಾಕಿದರೆ ಕಲ್ಲು ಜಾರಿ ಉಳಿ ಇನ್ನಷ್ಟು ಕೆಳಗಿಳಿಯಿತು. ಮೇಸ್ತ್ರಿಗೆ ಹಟ ಬಂತು. ಹೊಟ್ಟೆಯ ಮೇಲೆ ಮಲಗಿ ಒಂದೊಂದೇ ಕಲ್ಲು ತೆಗೆದು ಹಿಂದಕ್ಕೆ ಹಾಕತೊಡಗಿದ. ಕನ್ನಡಕವಿಲ್ಲದ ಕಣ್ಣಿಗೆ ಎಲ್ಲ ಕಲ್ಲೂ ಉಳಿಯಂತೆಯೇ ಕಾಣುತ್ತಿತ್ತು. ಪಕ್ಕದಲ್ಲಿ ತಂಗಿ ಉರುಳುತ್ತಿದ್ದ ಸದ್ದು ಅಕ್ಕನ ಹೊಟ್ಟೆಯೊಳಗೆ ಗುಡುಗಿನಂತೆ ಮೊಳಗುತ್ತಿತ್ತು. ಒಂದು ನಿಮಿಷದ ಕೆಲಸ ಎಷ್ಟು ನಿಮಿಷವಾಯಿತೋ ಅವನಿಗೆ ಲೆಕ್ಕ ತಪ್ಪಿತು. ಕೊನೆಗೂ ಭುಜದವರೆಗೆ ಕೈ ತೂರಿಸಿ ದಾರ ಸುತ್ತಿದ ಹಿಡಿಯನ್ನು ಹಿಡಿದು ಎಳೆದಾಗ, ಗೆದ್ದೆ ಎಂದು ಒಬ್ಬನೇ ಜೋರಾಗಿ ಹೇಳಿಕೊಂಡ.

ಆಗಲೇ ಬೆಳಕು ಹೋಯಿತು.

ಟಾರ್ಚು ಇನ್ನೂ ಮಂಕಾಗಿ ಉರಿಯುತ್ತಲೇ ಇತ್ತು. ಹೋದದ್ದು ಬೆನ್ನ ಹಿಂದಿನ ಬೆಳಕು. ತಿರುಗಿ ನೋಡಿದರೆ ತೂತಿನ ಜಾಗದಲ್ಲಿ ಬರೀ ಒಂದು ತೆಳ್ಳನೆಯ ಬಿಳಿ ಗೆರೆ. ನೋಡುತ್ತಿದ್ದಂತೆ ಅದೂ ಇಲ್ಲವಾಯಿತು.

"ಏಯ್!" ಎಂದು ಕೂಗಿ ಎದ್ದ. ಕಲ್ಲುಗಳ ಮೇಲೆ ಕಾಲು ಜಾರಿ ಮಂಡಿಯೂರಿ ಬಿದ್ದ. ಟಾರ್ಚು ಎಲ್ಲೋ ಉರುಳಿ ಆರಿಹೋಯಿತು. ಕತ್ತಲಲ್ಲಿ ತೆವಳಿ ತೂತಿನ ಕೆಳಗೆ ಬಂದು ಎರಡು ಕೈಯಿಂದಲೂ ಮುಚ್ಚಳ ನೂಕಿದ. ಸರಪಳಿ ರಾಟೆ ಹಾಕಿ ಎತ್ತುವ ಮುಚ್ಚಳ ಅದು. ಅದರೊಳಗಿಂದ ಅವನ ಅಂಗೈಗೆ ಒಂದು ನಡುಕ ಬರುತ್ತಿತ್ತು. ರೇಡಿಯೊ ಬೋಲ್ಟು ಬಿಗಿಯುತ್ತಿದ್ದ. ಬಿಗಿಯುತ್ತ ಯಾರಿಗೋ ಯಾವುದೋ ಕಥೆ ಹೇಳುತ್ತಿರಬೇಕು. ಬಗ್ಗಿ ಒಳಗೆ ನೋಡಿರಬಹುದು, ನೋಡಿದರೂ ಎಡಗಡೆಯ ಕತ್ತಲಲ್ಲಿ ಮಲಗಿದವನು ಕಾಣುವುದಾದರೂ ಹೇಗೆ? ಅಲ್ಲದೆ, ನೋಡುವ ಅಗತ್ಯವೇನಿದೆ? ಬೋರ್ಡು ಖಾಲಿ.

ಬೋರ್ಡು ಖಾಲಿ ಎಂಬುದು ಅವನಿಗೆ ಆಗ ಹೊಳೆಯಿತು. ಕೈ ಜೇಬಿಗೆ ಹೋಯಿತು. ಹಿತ್ತಾಳೆ ಬಿಲ್ಲೆ ಅಲ್ಲೇ ಇತ್ತು, ಮೈಯ ಬಿಸಿಗೆ ಬೆಚ್ಚಗಾಗಿ.

ಮೇಸ್ತ್ರಿಯ ಎದೆ ಡವಡವ ಎನ್ನುತ್ತಿರುವುದು ಕಿವಿಗೆ ಕೇಳುವಷ್ಟಾಯಿತು. ಆ ಕಬ್ಬಿಣದ ಹೊಟ್ಟೆಯಲ್ಲಿ ಅದು ತನ್ನ ಎದೆಯೋ ತಂಗಿಯ ಗುಡುಗೋ ತಿಳಿಯದಾಯಿತು. ಗಂಟಲ ಪಸೆ ಆರುವವರೆಗೂ ಕೂಗಿದ. ರೇಡಿಯೊನ ಹೆಸರು ಹಿಡಿದು ಕೂಗಿದ, ಮಗಳನ್ನು ಕೂಗಿದ, ಬೈದ, ಬೇಡಿಕೊಂಡ. ಮೂವತ್ತು ವರ್ಷದಿಂದ ಇಡೀ ಮನೆಯನ್ನು ನಡುಗಿಸಿದ ಗಂಟಲು ಒಂದು ಗೇಣು ದಪ್ಪದ ಗೋಡೆ ದಾಟಲಿಲ್ಲ.

ಬೋಲ್ಟಿನ ನಡುಕ ನಿಂತಿತು. ಸ್ವಲ್ಪ ಹೊತ್ತಿಗೆ ಎಡಗಡೆಯ ಗೋಡೆಯ ನಡುವಿಂದ ಸಣ್ಣಗೆ ಒಂದು ಸದ್ದು. ಆಮೇಲೆ ಕಾಲಿಗೆ ತಣ್ಣಗೆ ಏನೋ ತಾಗಿತು.

ನೀರು. ಪೀಪಾಯಿ ತಿರುಗುವ ಅಚ್ಚಿನ ನಡುವಿನ ಕೊಳವೆಯಿಂದ ನೀರು ಬಿಟ್ಟಿದ್ದರು. ಅವನೇ ಹೇಳಿಕೊಟ್ಟ ಕ್ರಮ: ಮುಚ್ಚಳ, ನೀರು, ಬೋರ್ಡು, ಬ್ರೇಕು, ಸ್ವಿಚ್ಚು. ನೀರಿಗೆ ಹತ್ತು ನಿಮಿಷ. ಮೊಣಕಾಲ ಕೆಳಗೆ ಬರುವ ಹೊತ್ತಿಗೆ ಕೊಳವೆ ನಿಲ್ಲುತ್ತದೆ. ಅದರಾಚೆ ಅಕ್ಕ ಒಂದು ಸುತ್ತು ತಿರುಗಿದರೆ ಸಾಕು, ಎಡಗಡೆಯ ರಾಶಿಯೆಲ್ಲ ಎದ್ದು ಮೇಲೆ ಬೀಳುತ್ತದೆ. ಎರಡನೆಯ ಸುತ್ತು ಅವನಿಗೆ ಬೇಕಾಗುವುದಿಲ್ಲ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಡಗೈಯನ್ನು ಹೊರತೆಗೆದವರಲ್ಲಿ ಅವನೂ ಒಬ್ಬ.

ಉಳಿಯನ್ನು ತಿರುಗಿಸಿ ಹಿಡಿದು ಮುಚ್ಚಳಕ್ಕೆ ಹೊಡೆದ. ಕಲ್ಲು ಕಬ್ಬಿಣಕ್ಕೆ ಬಡಿದಂಥ ಸದ್ದಾಯಿತು, ಆದರೆ ಪಕ್ಕದ ತಂಗಿಯ ಹೊಟ್ಟೆಯಿಂದ ಅಂಥದೇ ಸದ್ದು ಕ್ಷಣಕ್ಕೆ ನೂರು ಬರುತ್ತಿದ್ದವು. ಇದೊಂದನ್ನು ಬೇರೆ ಎಂದು ಯಾರು ಗುರುತಿಸಬೇಕು? ಹೊಡೆಯುವುದನ್ನು ನಿಲ್ಲಿಸಿದ. ನೀರು ಹಿಮ್ಮಡಿ ಮುಳುಗಿಸಿತ್ತು. ಯೋಚಿಸು, ಯೋಚಿಸು ಎಂದು ತನಗೆ ತಾನೇ ಗದರಿಕೊಂಡ.

ಬೆಳಿಗ್ಗೆ ಕಂಡ ಮಗಳ ಕೈ ನೆನಪಿಗೆ ಬಂತು. ತಂಗಿಯ ಮೈಮೇಲೆ ಚಪ್ಪಟೆಯಾಗಿ ಇಟ್ಟ ಅಂಗೈ. ಕಿವಿಗೆ ಕೇಳದೇ ಇರುವುದು ಅಂಗೈಗೆ ತಿಳಿಯಬಹುದು. ಅವಳು ಬಂದು ಕೈ ಇಟ್ಟರೆ, ಮೂರು ಸಲ ತಟ್ಟಿದರೆ, ಇವನು ಮೂರು ಸಲ ತಟ್ಟಿದರೆ, ಅವಳಿಗೆ ತಿಳಿದೇ ತಿಳಿಯುತ್ತದೆ. ಕಲ್ಲುಗಳಿಗೆ ಮೂರು ಎಣಿಸಲು ಬರುವುದಿಲ್ಲ.

ಅವಳು ಬಂದು ಕೈ ಇಟ್ಟರೆ.

ಮೇಸ್ತ್ರಿ ಆ ಕತ್ತಲಲ್ಲಿ ನಿಂತು, ಅದೇ ದಿನ ಬೆಳಿಗ್ಗೆ ತಾನೇ ಆಡಿದ ಮಾತುಗಳನ್ನು ಒಂದೊಂದಾಗಿ ಕೇಳಿಸಿಕೊಂಡ. ಎಷ್ಟು ಚೆನ್ನಾಗಿ, ಎಷ್ಟು ಬಿಡಿಸಿ ಹೇಳಿದ್ದ! ಅವನ ಮಗಳು ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುವವಳಲ್ಲ. ಬರೀ ಬೋರ್ಡು ನೋಡುತ್ತಾಳೆ. ಬೋರ್ಡಿನ ಮೇಲೆ ಏಳು ಮೊಳೆ ಬರಿದಾಗಿವೆ.

ಆಗ ಅವನು ಅದುಮಿಟ್ಟಿದ್ದ ಇನ್ನೊಂದು ವಿಷಯ ಎದ್ದು ಬಂತು. ಇಪ್ಪತ್ತು ವರ್ಷದ ಹಿಂದೆ ಪೀಪಾಯಿಯ ಮೇಲೆ ಮೂರು ಸಲ ತಟ್ಟಿ, ಕಾದು, ಉತ್ತರವಿಲ್ಲವೆಂದು ಹೋಗಿ ಸ್ವಿಚ್ ಒತ್ತಿದವನು ಬೇರೆ ಯಾರೂ ಅಲ್ಲ, ಅವನೇ. ತಪ್ಪು ನಿನ್ನದಲ್ಲ ಎಂದು ಎಲ್ಲರೂ ಹೇಳಿದ್ದರು. ಕ್ರಮ ತಪ್ಪದೆ ಒತ್ತಿದ್ದೀಯ ಎಂದು ಅಂದಿನ ಮ್ಯಾನೇಜರ್ ಬರೆದೂ ಕೊಟ್ಟಿದ್ದ. ಆ ಕಾಗದ ಇನ್ನೂ ಬೀರುವಿನಲ್ಲಿದೆ. ಇಂದಿಗೂ ಊಟಕ್ಕೆ ಕೂತಾಗ ಸ್ವಿಚ್ ಒತ್ತಿದ ಬಲಗೈಯ ಹೆಬ್ಬೆರಳನ್ನು ಅವನು ನೋಡುವುದಿಲ್ಲ. ಅವನ ಸಿಟ್ಟು, ಅವನ ನಿಯಮ, ಅವನ ಗತ್ತು ಎಲ್ಲವೂ ಆ ಬೆರಳನ್ನು ಮರೆಯಲು ಕಟ್ಟಿಕೊಂಡದ್ದು. ಈಗ ಇನ್ನು ಐದು ನಿಮಿಷಕ್ಕೆ ಅದೇ ಬೆರಳು ಮಗಳದಾಗುತ್ತದೆ. ಕ್ರಮ ತಪ್ಪದೆ ಒತ್ತಿದ್ದಾಳೆ ಎಂದು ಅವಳಿಗೂ ಬರೆದುಕೊಡುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗಿ. ಎಷ್ಟು ವರ್ಷ ಆ ಕಾಗದ ಇಟ್ಟುಕೊಂಡು ಕೂರಬೇಕು ಅವಳು!

ಇಷ್ಟು ಹೊತ್ತು ಅವನಿಗಿದ್ದದ್ದು ಸಾಯುವ ಹೆದರಿಕೆ. ಈಗ ಬಂದದ್ದು ಅದಕ್ಕಿಂತ ದೊಡ್ಡದು. "ಪುಟ್ಟೀ, ಬೇಡ ಕಣೇ, ಮುಟ್ಬೇಡ ಕಣೇ" ಎಂದು ಗೊಣಗುತ್ತ ತಟ್ಟತೊಡಗಿದ. ಮೂರು ಸಲ, ನಿಲ್ಲಿಸಿ, ಮೂರು ಸಲ. ಗೋಡೆಗೆ ತಟ್ಟಿದ, ಮುಚ್ಚಳಕ್ಕೆ ತಟ್ಟಿದ, ಮತ್ತೆ ಗೋಡೆಗೆ. ಗೆಣ್ಣು ಒಡೆದು ಕೈ ಅಂಟಾಯಿತು. ನೀರು ಮೊಣಕಾಲ ಹತ್ತಿರ ಬಂತು.

ನೀರಿನ ಸದ್ದು ನಿಂತಿತು.

ಅವನೂ ತಟ್ಟುವುದನ್ನು ನಿಲ್ಲಿಸಿ ಅಂಗೈಯನ್ನು ಗೋಡೆಗೆ ಒತ್ತಿ ನಿಂತ. ಅತ್ತಲಿಂದ ಯಾರಾದರೂ ತಟ್ಟುತ್ತಾರೇನೋ ಎಂದು ಮೈಯೆಲ್ಲ ಕಿವಿಯಾಗಿ ಕಾದ. ಏನೂ ಇಲ್ಲ. ಇಲ್ಲಿಂದ ಸ್ವಿಚ್ ಪೆಟ್ಟಿಗೆಗೆ ಇಪ್ಪತ್ತು ಹೆಜ್ಜೆ. ಅವಳದು ಸಣ್ಣ ಹೆಜ್ಜೆ, ಇಪ್ಪತ್ತೈದು ಎನ್ನಿ. ಮನಸ್ಸಿನಲ್ಲೇ ಎಣಿಸಿದ. ಇಪ್ಪತ್ತೈದಾಯಿತು. ಮೂವತ್ತಾಯಿತು. ಐವತ್ತಾಯಿತು. ಯಾಕೆ ತಡ? ಮತ್ತೆ ತಟ್ಟಿದ, ಮೂರು ಸಲ.

ಇದ್ದಕ್ಕಿದ್ದಂತೆ ಕಾಲ ಕೆಳಗಿನ ನೆಲ ಅಲುಗಿತು. ಸ್ವಿಚ್ ಪೆಟ್ಟಿಗೆಯ ಪಕ್ಕದಿಂದ, ಅಕ್ಕನನ್ನು ಹಿಡಿದಿಟ್ಟಿದ್ದ ಬ್ರೇಕು ಬಿಟ್ಟಿದ್ದರು. ಅಕ್ಕ ಭಾರಕ್ಕೆ ಒಂದು ಗೇಣು ಮುಂದಕ್ಕೆ ವಾಲಿ, ಒಂದು ಗೇಣು ಹಿಂದಕ್ಕೆ ಬಂದಿತು. ನೀರು ಮೊಣಕಾಲಿಗೆ ಅಪ್ಪಳಿಸಿತು. ಎಡಗಡೆಯ ರಾಶಿಯಿಂದ ನಾಲ್ಕಾರು ಕಲ್ಲು ಉರುಳಿ ಬಂದು ಒಂದು ಅವನ ಕಾಲಮೂಳೆಗೆ ಬಡಿಯಿತು. ಬ್ರೇಕಿನ ನಂತರ ಸ್ವಿಚ್ಚು. ನಡುವೆ ಉಸಿರೆಳೆಯುವಷ್ಟು ಹೊತ್ತೂ ಇರುವುದಿಲ್ಲ. ಮೇಸ್ತ್ರಿ ಎರಡು ಕೈಯಿಂದಲೂ ತಲೆ ಮುಚ್ಚಿಕೊಂಡು ನೀರಿನಲ್ಲೇ ಕುಕ್ಕರಿಸಿದ.

ಉಸಿರೆಳೆದ. ಬಿಟ್ಟ. ಮತ್ತೆ ಎಳೆದ.

ನೆಲ ಅಲುಗಲಿಲ್ಲ. ಎಷ್ಟು ಹೊತ್ತೋ. ಆಮೇಲೆ ತಲೆಯ ಮೇಲೆ, ಮುಚ್ಚಳದಲ್ಲಿ, ಬೋಲ್ಟಿನ ನಡುಕ ಶುರುವಾಯಿತು. ಬಿಗಿಯುವಾಗಿನಂತೆ ನಿಧಾನವಾಗಿ ಅಲ್ಲ, ಯಾರೋ ಹುಚ್ಚು ಹಿಡಿದವರಂತೆ ಸ್ಪ್ಯಾನರು ಬೀಸುತ್ತಿದ್ದರು. ಒಂದು ಗೆರೆ ಬೆಳಕು ಬಂತು, ಆಮೇಲೆ ಕಣ್ಣು ಕುಕ್ಕುವಷ್ಟು.

ಮೊದಲು ಕಂಡದ್ದು ರೇಡಿಯೊನ ಮುಖವಿರಬೇಕು. ಕನ್ನಡಕವಿಲ್ಲದ ಕಣ್ಣಿಗೆ ಅಗಲವಾಗಿ ತೆರೆದ ಬಾಯಿ ಮಾತ್ರ ಕಾಣಿಸಿತು. ಬಾಯಿ ತೆರೆದಿದ್ದರೂ ಅದರಿಂದ ಒಂದು ಮಾತೂ ಬರಲಿಲ್ಲ. ಅವನನ್ನು ಪಕ್ಕಕ್ಕೆ ನೂಕಿ ಇನ್ನೊಂದು ಆಕಾರ ಅರ್ಧ ಮೈಯನ್ನು ತೂತಿನೊಳಗೆ ಇಳಿಬಿಟ್ಟು ಕೈ ಚಾಚಿತು. ಅಷ್ಟು ಸಣ್ಣ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಮೇಸ್ತ್ರಿ ಹೊರಗೆ ಬಂದು ಅಟ್ಟಣೆಯ ಮೇಲೆ ಕುಸಿದು ಕೂತ. ಬಟ್ಟೆಯಿಂದ ನೀರು ಸೋರುತ್ತಿತ್ತು. ಬಲಗೈಯಲ್ಲಿ ಉಳಿ ಇನ್ನೂ ಇತ್ತು. ಬೆರಳು ಬಿಡಿಸಲು ಬರಲಿಲ್ಲ.

ರೇಡಿಯೊ ಓಡಿಹೋಗಿ ತಂಗಿಯನ್ನೂ ನಿಲ್ಲಿಸಿ ಬಂದ. ಅರೆಯುವ ಮನೆ ಆ ಹೊತ್ತಿನಲ್ಲಿ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ.

"ಕೇಳಿಸ್ತಲ್ಲ" ಎಂದ ಮೇಸ್ತ್ರಿ, ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖದಲ್ಲಿ ನಗುವಿನಂಥದ್ದು ಏನೋ ಬಂದಿತ್ತು. "ನಿನ್ನ ಥರಾನೇ ತಟ್ದೆ. ಮೂರು, ಮೂರು. ನಿಂಗೆ ತಿಳಿಯುತ್ತೆ ಅಂತ ಗೊತ್ತಿತ್ತು ನಂಗೆ."

"ಏನೂ ಕೇಳಿಸ್ಲಿಲ್ಲ" ಎಂದಳು ಮಗಳು.

"ಕೈಗೆ ತಿಳೀತಲ್ಲ. ಕೈ ಇಟ್ಟು ನೋಡಿದ್ಯಲ್ಲ. ನಾನು ಬೇಡ ಅಂದ್ರೂ ನೀನು ಕೇಳಲಿಲ್ಲ, ಒಳ್ಳೇದೇ ಆಯ್ತು."

"ಇಲ್ಲ. ಪೀಪಾಯಿ ಹತ್ರಾನೇ ಹೋಗ್ಲಿಲ್ಲ. 'ತಟ್ಟಿದ್ರೆ ಸ್ವಿಚ್ ಕಿತ್ಕೊಳ್ತೀನಿ' ಅಂದಿದ್ಯಲ್ಲ ನೀನು."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅವಳು ಎಡಗೈ ಮುಷ್ಟಿ ಬಿಚ್ಚಿದಳು. ಅದರಲ್ಲಿ ಅವನ ಕನ್ನಡಕ. ಹಿಡಿದ ಬಿಗಿಗೆ ಒಂದು ಕಡ್ಡಿ ಸೊಟ್ಟಗಾಗಿತ್ತು.

"ಪೆಟ್ಟಿಗೆ ಮೇಲಿತ್ತು."

"ಹಾಂ, ಅದನ್ನ ನೋಡಿ ನಿಲ್ಲಿಸ್ದೆ. ಸರಿ ಮತ್ತೆ."

"ಮೊದ್ಲೇ ನೋಡ್ದೆ, ಅಪ್ಪ." ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ರೇಡಿಯೊ ಒಂದು ಹೆಜ್ಜೆ ಹತ್ತಿರ ಬಂದ. "ಮುಚ್ಚಳ ಹಾಕೋಕೆ ಮುಂಚೇನೇ ನೋಡ್ದೆ. ಕನ್ನಡಕ ಬಿಟ್ಟು ನೀನು ಆಫೀಸಿಗಲ್ಲ, ಬಚ್ಚಲಿಗೂ ಹೋಗಲ್ಲ ಅಂತ ನಂಗೆ ಗೊತ್ತು. ನಿನ್ನ ಊಟಾನೂ ಹಾಗೇ ಇತ್ತು. ನೀರು ಬಿಡುವಾಗ್ಲೂ ಅದನ್ನೇ ನೋಡ್ತಾ ನಿಂತಿದ್ದೆ."

"ಮತ್ತೆ ಯಾಕೆ..."

"ಬೋರ್ಡ್ ಖಾಲಿ ಇತ್ತು." ಅವಳು ತಲೆಯೆತ್ತಲಿಲ್ಲ. "ಮುಚ್ಚಳ ತೆಗ್ಸಿ, ಒಳಗೆ ನೀನಿಲ್ದೇ ಇದ್ದಿದ್ರೆ? ಆಫೀಸಿಂದ ಬಂದು ನೀನು ಮತ್ತೆ ಎಲ್ಲರ ಮುಂದೆ ಕೇಳ್ತಿದ್ದೆ, ಬೋರ್ಡ್ ನೋಡಿದ್ಯಾ, ಏನಿತ್ತು, ಖಾಲಿ ಅಂದ್ರೆ ಏನು ಅಂತ. ಎಲ್ರೂ ನಗೋರು. ನನಗೆ ಅದೇ ಹೆದ್ರಿಕೆ. ಮೂರು ಸಲ ಸ್ವಿಚ್ ಮೇಲೆ ಕೈ ಇಟ್ಟೆ, ಅಪ್ಪ. ಮೂರನೇ ಸಲ ಬ್ರೇಕೂ ಬಿಟ್ಟೆ."

ಮೇಸ್ತ್ರಿಯ ಎದೆ ಮತ್ತೆ ಬಡಿದುಕೊಳ್ಳಲು ಶುರುವಾಯಿತು. ಒಳಗೆ ಕತ್ತಲಲ್ಲಿ ಬಡಿದುಕೊಂಡದ್ದಕ್ಕಿಂತ ಜೋರಾಗಿ. ಹಲಗೆ ಹೊಡೆದು, ಮೊಳೆ ಹೊಡೆದು ಅವನು ಇಪ್ಪತ್ತು ವರ್ಷ ಪೀಪಾಯಿಯ ಭಯವನ್ನು ಕಟ್ಟಿಹಾಕಿದ್ದ. ಪೀಪಾಯಿಗಿಂತ ತಾನೇ ದೊಡ್ಡ ಭಯವಾಗಿ ಮಗಳ ಕಣ್ಣೆದುರು ನಿಂತಿದ್ದು ಅವನಿಗೆ ತಿಳಿದೇ ಇರಲಿಲ್ಲ.

"ಮತ್ತೆ ಹೇಗೆ ನಿಲ್ಲಿಸ್ದೆ?" ಎಂದು ಕೇಳಿದ.

"ಗೊತ್ತಿಲ್ಲ. ಕೈ ಬರ್ಲಿಲ್ಲ."

ಅವನು ಎದ್ದು, ಗೋಡೆ ಹಿಡಿದುಕೊಂಡು ಸ್ವಿಚ್ ಪೆಟ್ಟಿಗೆಯವರೆಗೆ ನಡೆದ. ಜೇಬಿನಿಂದ ಬಿಲ್ಲೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. ಅಷ್ಟರಲ್ಲಿ ಅಂಗಳದಿಂದ ಉಳಿದವರೂ ಬಂದು ಸೇರಿದ್ದರು.

"ನಾನು ಬಿಲ್ಲೆ ಹಾಕದೆ ಇಳ್ದೆ" ಎಂದ. "ನಾಳೆಯಿಂದ ಒಂದು ವಾರ ಬರಲ್ಲ. ಬೆಳಿಗ್ಗೆ ನಾನು ಆಡಿದ್ದಿದೆಯಲ್ಲ, ಅದು ತಪ್ಪು. ಎಲ್ಲರ ಎದುರಿಗೇ ಹೇಳ್ತಿದ್ದೀನಿ."

ಯಾರೂ ನಗಲಿಲ್ಲ. ಮಗಳು ಅವನ ಕಡೆ ನೋಡಲೂ ಇಲ್ಲ. ಕನ್ನಡಕ ಅವನ ಕೈಗೆ ಕೊಟ್ಟು, ಅಂಗೈಯನ್ನು ಬಟ್ಟೆಗೆ ಉಜ್ಜಿಕೊಂಡಳು. ಮತ್ತೆ ಮತ್ತೆ ಉಜ್ಜಿಕೊಂಡಳು.

ಅಕ್ಕನನ್ನು ತಿರುಗಿಸಲೇಬೇಕಿತ್ತು. ಸಂಜೆಗೆ ಬಿಳಿ ಮಣ್ಣು ತುಂಬದಿದ್ದರೆ ನಾಳೆ ಇಡೀ ಕಾರ್ಖಾನೆ ಕೈಕಟ್ಟಿ ಕೂರಬೇಕು. ರೇಡಿಯೊ ಟಾರ್ಚು ಹಾಕಿ ಒಳಗೆಲ್ಲ ನೋಡಿ, ಮೇಸ್ತ್ರಿಯ ಟಾರ್ಚನ್ನೂ ಹೆಕ್ಕಿಕೊಂಡು ಬಂದ. ಏಳೂ ಜನ ಹೊರಗಿದ್ದಾರೆಂದು ಎಣಿಸಿ, ಉಳಿದವರು ಗೋಡೆಗೆ ಸಾಲಾಗಿ ನಿಂತರು. ಮುಚ್ಚಳ ಬಿತ್ತು, ಬೋಲ್ಟು ಬಿಗಿಯಿತು. ಮಗಳು ಬ್ರೇಕು ಬಿಟ್ಟಳು. ಸ್ವಿಚ್ಚಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

"ಒತ್ತು ಪುಟ್ಟಿ" ಎಂದ ಮೇಸ್ತ್ರಿ. ಆ ಮನೆಯಲ್ಲಿ ಅವಳಿಗೆ ಕೇಳುವಂತೆ ಅವನು ಹಾಗೆ ಕರೆದದ್ದು ಅದೇ ಮೊದಲು. "ಏನೂ ಆಗಲ್ಲ. ನಾನು ಇಲ್ಲೇ ಇದ್ದೀನಲ್ಲ."

"ಇಲ್ಲಿ ಬಾ. ನನ್ನ ಎದುರಿಗೆ ನಿಂತ್ಕೋ."

ಬಂದು ನಿಂತ.

"ಮಾತಾಡು."

"ಏನಂತ?"

"ಏನಾದ್ರೂ. ನಿಲ್ಲಿಸ್ಬೇಡ."

ಮೇಸ್ತ್ರಿ ಬಾಯಿ ತೆರೆದ. ಎಂಟು ತಿಂಗಳಲ್ಲಿ ಈ ಜಾಗದಲ್ಲಿ ನಿಂತು ಅವಳಿಗೆ ಬೈಗುಳವಲ್ಲದ ಒಂದು ಮಾತನ್ನಾದರೂ ಆಡಿದ್ದು ನೆನಪಾಗಲಿಲ್ಲ. ತಡಕಾಡಿದ. ಕೊನೆಗೆ ನಾಲಿಗೆಗೆ ಬಂದದ್ದು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೇ.

"ಉಳಿ ಏಳು" ಎಂದ. "ಸುತ್ತಿಗೆ ಎರಡು. ಕರಣೆ ಮೂರು. ಉಳಿ ಏಳು. ಸುತ್ತಿಗೆ ಎರಡು."

ಅವಳು ಒತ್ತಿದಳು. ಅಕ್ಕ ನರಳಿತು, ವಾಲಿತು, ಮೆಲ್ಲಗೆ ಸುತ್ತು ಹಾಕಿತು. ಎಡಗಡೆಯ ರಾಶಿಯೆಲ್ಲ ಒಮ್ಮೆಗೇ ಎದ್ದು ಬಿದ್ದ ಸದ್ದಿಗೆ ಗೋಡೆಗೆ ನಿಂತಿದ್ದವರು ಬೆಚ್ಚಿ ಹಿಂದಕ್ಕೆ ಸರಿದರು. ಎರಡನೆಯ ಸುತ್ತಿಗೆ ಮೇಸ್ತ್ರಿಯ ಸ್ವರ ಆ ಗುಡುಗಿನಲ್ಲಿ ಮುಳುಗಿಹೋಯಿತು, ಅವನ ತುಟಿ ಮಾತ್ರ ಆಡುತ್ತಿತ್ತು. ಮಗಳು ಆ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲೇ ಇದ್ದ ಬೋರ್ಡಿನ ಕಡೆ ಒಮ್ಮೆಯೂ ತಿರುಗಲಿಲ್ಲ. ಕಾರ್ಖಾನೆಯೆಲ್ಲ ನಡುಗಿಸುತ್ತಿದ್ದ ಮೇಸ್ತ್ರಿ ಸೋರುವ ಬಟ್ಟೆಯಲ್ಲೇ ನಿಂತು ಅರ್ಧ ಗಂಟೆ ಉಳಿ, ಸುತ್ತಿಗೆ, ಕರಣೆ ಎಂದು ಹೇಳುತ್ತಲೇ ಇದ್ದ. ನಿಲ್ಲಿಸುವಷ್ಟು ಧೈರ್ಯ ಅವನಿಗಿರಲಿಲ್ಲ.